ಪಾರ್ಟಿ ಹೇಳಿದ ಪ್ರಕಾರ

ಲಾರಿ ಮಾಲಿಗೆ ಕೊಡುವ ಬಿಲ್ಟಿಯಷ್ಟು ಪ್ರಾಮಾಣಿಕ ಕಾಗದವನ್ನು ನಾನು ಕಂಡಿಲ್ಲ. ಜಾತಕ, ಜಾಹೀರಾತು, ಚುನಾವಣೆಯ ಪ್ರಣಾಳಿಕೆ ಎಲ್ಲವೂ ಗೊತ್ತಿಲ್ಲದ್ದನ್ನು ಗೊತ್ತಿದೆಯೆಂದೇ ಹೇಳುತ್ತವೆ. ಬಿಲ್ಟಿ ಮಾತ್ರ ‘ಪಾರ್ಟಿ ಹೇಳಿದ ಪ್ರಕಾರ ಅರಿಶಿಣ’ ಎಂದು ಕೈ ತೊಳೆದುಕೊಳ್ಳುತ್ತದೆ.

ಮಹಾರಾಷ್ಟ್ರದ ಗಡಿಯ ನಮ್ಮೂರು ಮ್ಹೈಸಾಳದಿಂದ ಕಾಕಾ ದಿನಾ ಮಿರಜಕ್ಕೆ ಹೋಗಿ ಹುಂಡೇಕರಿ (ಸರಕು ಸಾಗಣೆ) ಆಫೀಸಿನಲ್ಲಿ ಬಿಲ್ಟಿ ಬರೆಯುತ್ತಿದ್ದರು. ಕಾರ್ಬನ್ ಇಟ್ಟು ಒತ್ತಿ ಬರೆದರೆ ಮಾಲು ಕಳಿಸುವವನಿಗೊಂದು ಪ್ರತಿ, ಬಿಡಿಸಿಕೊಳ್ಳುವವನಿಗೊಂದು, ಡ್ರೈವರನಿಗೊಂದು, ಕೊನೆಯದು ಆಫೀಸಿಗೆ. ಅದನ್ನು ಓದಲು ಕಾಕಾನೇ ಬೇಕು. ಬಾಡಿಗೆ ಮೊದಲೇ ಕೊಟ್ಟಿದ್ದರೆ ‘ಪೇಡ್’. ಬಿಡಿಸಿಕೊಳ್ಳುವವನ ತಲೆಗೆ ಕಟ್ಟಿದರೆ ‘ಟು ಪೇ’. ಕೆಲವು ಬಿಲ್ಟಿ ಬ್ಯಾಂಕಿಗೆ ಹೋಗುತ್ತಿದ್ದವು. ಕೊಂಡವನು ಅಲ್ಲಿ ಹಣ ಕಟ್ಟಿ ಬಿಲ್ಟಿ ಪಡೆಯದೆ ಗೋದಾಮಿನ ಮೂಟೆ ಮುಟ್ಟುವಂತಿಲ್ಲ.

“ಕಾಕಾ, ಚೀಲದಾಗ ಖರೇನ ಅರಿಶಿಣ ಐತೇನು?”

“ಅವ ಅಂದ, ನಾ ಬರದೆ. ನಾ ಏನ್ ಚೀಲದಾಗ ಕುಂತಿದ್ನೇನು?”

2018ರ ಏಪ್ರಿಲ್ 1ರಿಂದ ಅಂತರರಾಜ್ಯ ಮಾಲಿಗೆ ಇ-ವೇ ಬಿಲ್ ಬಂತು. ಸಾಮಾನ್ಯವಾಗಿ 50,000 ರೂಪಾಯಿ ಮೀರಿದ ಸರಕು ಅದಿಲ್ಲದೆ ಹೊರಡುವಂತಿಲ್ಲ. 200 ಕಿಲೋಮೀಟರಿಗೆ ಒಂದು ದಿನವೆಂಬ ಈಗಿನ ಲೆಕ್ಕದಲ್ಲಿ ಮ್ಹೈಸಾಳದಿಂದ ಪಕ್ಕದ ಕಾಗವಾಡಕ್ಕೂ ಪೂರಾ ಒಂದು ದಿನದ ಅವಕಾಶ. ದಾರಿಯಲ್ಲಿ ಉಂಡು, ಮಲಗಿ, ಜಗಳವಾಡಿಯೂ ಹೋಗಬಹುದು. ತೆರಿಗೆ ಲೆಕ್ಕದಲ್ಲಿ ಪ್ರತಿ ಸರಕಿಗೂ ಒಂದು ನಂಬರು: ಅರಿಶಿಣ 0910. ಹಸಿ ದ್ರಾಕ್ಷಿ 0806, ಒಣದ್ರಾಕ್ಷಿಯೂ 0806. ಬಿಸಿಲಿಗೆ ಸುಕ್ಕುಗಟ್ಟಿದರೂ ದ್ರಾಕ್ಷಿಯ ನಂಬರು ಬದಲಾಗುವುದಿಲ್ಲ.

ನಮ್ಮ ಅಜ್ಜಿಯ ತವರಿಗೆ ಆ ಭಾಗ್ಯವಿರಲಿಲ್ಲ. ಅದು ಕಾಗವಾಡ. ಆಕೆ ಮದುವೆಯಾಗಿ ಬಂದಾಗ ಎರಡೂ ಊರು ಮುಂಬಯಿ ರಾಜ್ಯದಲ್ಲಿದ್ದವು. 1956ರ ನವೆಂಬರ್ 1ಕ್ಕೆ ಬೆಳಗಾವಿ ಜಿಲ್ಲೆಯ ಕಾಗವಾಡ ಮೈಸೂರು ರಾಜ್ಯಕ್ಕೆ ಸೇರಿತು, ಮ್ಹೈಸಾಳ ಮುಂಬಯಿಯಲ್ಲೇ ಉಳಿಯಿತು. ಅಜ್ಜಿ ಒಲೆಯ ಮುಂದಿನಿಂದ ಏಳದೆಯೇ ಪರರಾಜ್ಯದ ಮಗಳಾದಳು.

ನಾಗರ ಪಂಚಮಿಗೆ ಆಕೆಯ ತಮ್ಮ ಉಂಡಿಯ ಗಂಟು ಹೊತ್ತು ಬರುತ್ತಿದ್ದ. ಕಾಕಾ ಬಾಗಿಲಲ್ಲೇ ತಡೆಯುವರು: “ಮಾಮಾ, ಅಂತರರಾಜ್ಯ ಮಾಲ. ಬಿಲ್ಟಿ ಎಲ್ಲಿ?”

ಅಜ್ಜಿ ಒಳಗಿಂದಲೇ, “ಬರ್ಕೊಳ್ಳೋ: ಎಳ್ಳುಂಡಿ, ಶೇಂಗಾ ಉಂಡಿ, ಲಡಕಿ ಉಂಡಿ. ನಾ ಹೇಳಿದ ಪ್ರಕಾರ!” ಎನ್ನುವಳು. ಗಂಟು ಬಿಚ್ಚಿದರೆ ಹೇಳಿದ್ದಕ್ಕಿಂತ ಒಂದು ಬಗೆ ಹೆಚ್ಚೇ ಇರುತ್ತಿತ್ತು. ಕಾಕಾನ ವೃತ್ತಿಜೀವನದಲ್ಲಿ ಇಂಥ ಪಾರ್ಟಿ ಇನ್ನೊಂದು ಸಿಕ್ಕಿರಲಿಕ್ಕಿಲ್ಲ.

ಅಜ್ಜಿ ಹೋದಳು, ಆ ತಮ್ಮನೂ ಹೋದ. ಮಾಲು ಕಳೆದರೆ ಬುಕ್ ಮಾಡಿದ ದಿನದಿಂದ 180 ದಿನದೊಳಗೆ ನೋಟಿಸು ಕೊಡಬೇಕೆಂದು ಸಾಗಣೆ ಕಾಯ್ದೆ ಹೇಳುತ್ತದೆ. ನಮ್ಮ ಗಡುವು ಮುಗಿದು ಎಷ್ಟೋ ಪಂಚಮಿಗಳಾದವು. ಆದರೂ ಕಾಗವಾಡದ ಬಂಧುಗಳಲ್ಲಿ ಒಂದು ಅರಿಕೆ: ಗಂಟು ಕಳಿಸಿ, ‘ಟು ಪೇ’ ಆದರೂ ಅಡ್ಡಿಯಿಲ್ಲ. ಹಮಾಲಿಯೂ ನನ್ನದೇ.