ಒಂದು ಪಾಯಿಂಟು

2009ರಲ್ಲಿ ನಮ್ಮ ಪ್ರೌಢಶಾಲೆಯ ಕಬಡ್ಡಿ ತಂಡದಲ್ಲಿದ್ದವರು ಎಂಟೇ ಹುಡುಗರು: ಅಂಕಣಕ್ಕೆ ಏಳು, ಹೊರಗೆ ಒಬ್ಬ. ದೈಹಿಕ ಶಿಕ್ಷಕರಿರಲಿಲ್ಲ, ವಿಜ್ಞಾನದ ಮಾಸ್ತರನಾದ ನಾನೇ ಸೀಟಿ ಹಿಡಿದೆ. ವಲಯ ಗೆದ್ದೆವು, ಕುಷ್ಟಗಿಯಲ್ಲಿ ತಾಲ್ಲೂಕನ್ನೂ ಗೆದ್ದೆವು. ಕೊಪ್ಪಳದಲ್ಲಿ ಜಿಲ್ಲಾ ಪಂದ್ಯ ನಡೆಯುವ ದಿನವೇ ಕಿರುಪರೀಕ್ಷೆ. ನಮ್ಮ ಮುಖ್ಯ ದಾಳಿಗಾರ ನನ್ನ ವಿಷಯದಲ್ಲೇ ಹಿಂದೆ. ‘ನೀನು ಪರೀಕ್ಷೆ ಬರಿ’ ಎಂದು ಬಿಟ್ಟುಹೋದೆ.

30 ಸೆಕೆಂಡಿನ ದಾಳಿಯನ್ನು ಒಂದೇ ದಮ್ಮಿನಲ್ಲಿ ಮುಗಿಸುತ್ತಿದ್ದವನು ಅವನೊಬ್ಬನೇ. ಗಂಗಾವತಿಯವರೆದುರು ಒಂದು ಪಾಯಿಂಟಿನಿಂದ ಸೋತೆವು.

ಮರುದಿನ ಅವನ ಉತ್ತರ ಓದಿದೆ. ಆಮ್ಲಜನಕ ಸಾಲದಾದಾಗ ಸ್ನಾಯುವಿನಲ್ಲಿ ಲ್ಯಾಕ್ಟಿಕ್ ಆಮ್ಲ ಕೂಡುವುದಕ್ಕೆ ತನ್ನ ದಾಳಿಯನ್ನೇ ಉದಾಹರಣೆ ಕೊಟ್ಟಿದ್ದ. ನಾನೂ ಅದನ್ನು ಹಾಗೆ ಪಾಠ ಮಾಡಿರಲಿಲ್ಲ! ಪೂರ್ತಿ ಅಂಕ ಹಾಕಿ ಕಾಗದ ಕೊಟ್ಟೆ. ಅವನು ಅದನ್ನು ನೋಡಲೇ ಇಲ್ಲ.

‘ಎಷ್ಟ್ ಪಾಯಿಂಟಿಂದ ಸೋತ್ವಿರಿ, ಸರ್?’ ಎಂದ.