ಕಳುಹಿದ ಓಲೆ, ತಲುಪದ ಓಲೆ

ಓಲೆಯನ್ನು ಬರೆದವನ ಹೊಣೆ ಎಲ್ಲಿಗೆ ಮುಗಿಯುತ್ತದೆ, ಒಯ್ಯುವವನ ಹೊಣೆ ಎಲ್ಲಿಂದ ಆರಂಭವಾಗುತ್ತದೆ ಎಂಬ ಪ್ರಶ್ನೆ ಬಹಳ ಹಳೆಯದು. ರೋಣ ತಾಲೂಕಿನ ಸವಡಿ, ಅಂದರೆ ಅಂದಿನ ಕಿಸುಕಾಡುನಾಡಿನ ಸಯ್ಯಡಿ, 'ಪಂಚತಂತ್ರ'ದ ಕರ್ತೃ ದುರ್ಗಸಿಂಹನ ಊರು. 11ನೆಯ ಶತಮಾನದಲ್ಲಿ ಅವನು ಚಾಲುಕ್ಯ ಜಗದೇಕಮಲ್ಲ ಜಯಸಿಂಹನ ಸಂಧಿವಿಗ್ರಹಿಯಾಗಿದ್ದನು. ಪರರಾಜ್ಯಗಳೊಡನೆ ಸಂಧಿ-ಸಮರಗಳ ವ್ಯವಹಾರ, ಅರಸನ ಓಲೆ-ಶಾಸನಗಳ ಒಕ್ಕಣೆ ಆ ಪದವಿಯ ಕೆಲಸಗಳು. ಅಂಥ ಅಧಿಕಾರಿಗೆ ಒಕ್ಕಣೆಯಷ್ಟೇ ಅದರ ತಲುಪುವಿಕೆಯೂ ಮುಖ್ಯವಾದುದು. ಈ ಮಾತು ಮಿಂಚಂಚೆಯ ಕಾಲಕ್ಕೂ ಸಲ್ಲುತ್ತದೆ ಎಂಬುದು ಇತ್ತೀಚೆಗೆ ನಮಗೆ ಅನುಭವಕ್ಕೆ ಬಂದಿತು.

ರೋಣ, ನರಗುಂದ, ಗಜೇಂದ್ರಗಡಗಳ ನಾವು ಕೆಲವು ಕನ್ನಡ ಅಧ್ಯಾಪಕರು ಶಾಸನಗಳನ್ನು ಕುರಿತು ವಿದ್ಯಾರ್ಥಿಗಳಿಗಾಗಿ ಒಂದು ಗೋಷ್ಠಿಯನ್ನು ಏರ್ಪಡಿಸಿದ್ದೆವು. ಪತ್ರವ್ಯವಹಾರಕ್ಕೆ ನಮ್ಮದೇ ಒಂದು ಚಿಕ್ಕ ಲಿನಕ್ಸ್ ಸರ್ವರ್ ಇದೆ; ಯಂತ್ರ ಬಾಡಿಗೆಯದು. ಅದರಲ್ಲಿ ಪೋಸ್ಟ್‌ಫಿಕ್ಸ್ ಎಂಬ ಅಂಚೆ ತಂತ್ರಾಂಶವನ್ನು ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಅಳವಡಿಸಿಕೊಟ್ಟಿದ್ದನು. ಆಯ್ಕೆಯಾದ 38 ಮಂದಿಗೆ ಸೋಮವಾರ ಪತ್ರ ಹೋಯಿತು. ಶನಿವಾರದೊಳಗೆ ಒಪ್ಪಿಗೆ ತಿಳಿಸದವರ ಸ್ಥಾನ ಬೇರೆಯವರಿಗೆ ಸಲ್ಲುವುದೆಂದು ನಿಯಮ. ಗುರುವಾರವಾದರೂ ಒಂದು ಉತ್ತರವೂ ಇಲ್ಲ. ನರೇಗಲ್ಲಿನ ಬಸದಿಯ ಶಾಸನವನ್ನು ಕುರಿತು ಬರೆದಿದ್ದ ಎಂ.ಎ. ವಿದ್ಯಾರ್ಥಿನಿಯೊಬ್ಬಳಿಗೆ ದೂರವಾಣಿ ಮಾಡಿದಾಗ ಆಕೆ ಹೇಳಿದ್ದು ಇಷ್ಟು: "ಉತ್ತರಾನ ಬರ್ಲಿಲ್ರೀ ಸರ್, ಆಯ್ಕಿ ಆಗಿಲ್ಲಂತ ಸುಮ್ನಾದ್ನಿ."

ನಮ್ಮ ಮೌನವನ್ನು ಆಕೆ ನಿರಾಕರಣೆಯೆಂದು ಓದಿಕೊಂಡಿದ್ದಳು. ಊರಿನಲ್ಲಿ ಗ್ರಂಥಾಲಯವಿಲ್ಲದೆ, ಗದಗಿಗೆ ಬಸ್ಸಿನಲ್ಲಿ ಹೋಗಿ ಬಂದು ಲೇಖನ ಬರೆದ ಹುಡುಗಿ ಮತ್ತೊಮ್ಮೆ ಲೇಖನ ಕಳುಹಿಸುವಳೆಂಬ ಭರವಸೆ ಏನು? ಉಳಿದ 37 ಮಂದಿಯೂ ಹಾಗೆಯೇ ಸುಮ್ಮನಾಗಿರಬಹುದೆಂಬುದು ನಮ್ಮ ಆತಂಕ.

ಅಂದು ಸಂಜೆ ಆ ಹಳೆಯ ವಿದ್ಯಾರ್ಥಿ ಯಂತ್ರದ ದಾಖಲೆಯನ್ನು ತೆರೆದು ತೋರಿಸಿದನು. ಲಿನಕ್ಸಿನಲ್ಲಿ ಅಂಚೆಯ ಪ್ರತಿಯೊಂದು ನಡೆಯೂ ಸಾಲುಸಾಲಾಗಿ ದಾಖಲಾಗುತ್ತದೆ: ದಿನ, ಗಳಿಗೆ, ಪತ್ರದ ಗುರುತು, ಯಾರಿಗೆ, ಏನಾಯಿತು, ಏಕೆ. ಶಾಸನ ಓದುವವರಿಗೆ ಈ ಕ್ರಮ ಅಪರಿಚಿತವಲ್ಲ. ಊಹೆಯಿಂದ ಪಾಠವನ್ನು ತಿದ್ದುವ ಮೊದಲು ಕಲ್ಲಿನಲ್ಲಿ ಇರುವುದನ್ನು ಇರುವಂತೆ ಓದಬೇಕೆಂದು ನಾವು ತರಗತಿಯಲ್ಲಿ ಹೇಳುತ್ತೇವೆ. ಆತನೂ ಯಾವ ಕಡತವನ್ನೂ ತಿದ್ದಲು ಹೋಗಲಿಲ್ಲ, ಮೊದಲು ಓದಿದನು. ನಮ್ಮದೇ ಸರ್ವರಿನಲ್ಲಿ ಖಾತೆಯಿದ್ದ ಅಧ್ಯಾಪಕರಿಗೆ ಹೋದ ಪ್ರತಿಗಳು ತಲುಪಿದ್ದವು. ಹೊರಗಿನ 38 ಪತ್ರಗಳೂ ಸರತಿಯಲ್ಲಿಯೇ ನಿಂತಿದ್ದವು. ಪ್ರತಿಯೊಂದರ ಮುಂದೆಯೂ ಒಂದೇ ಕಾರಣ: ಎದುರಿನ ಸರ್ವರನ್ನು ಸಂಪರ್ಕಿಸುವಲ್ಲಿ ಕಾಲಮಿತಿ ಮೀರಿತು.

ಹಾಗಾದರೆ ಯಂತ್ರ ನಮಗೆ ಏಕೆ ತಿಳಿಸಲಿಲ್ಲ? ಪೋಸ್ಟ್‌ಫಿಕ್ಸಿನ ಮೂಲ ಹೊಂದಿಕೆಯಲ್ಲಿ ತಾತ್ಕಾಲಿಕ ಅಡ್ಡಿಗೆ ಸಿಕ್ಕ ಪತ್ರವನ್ನು ಐದು ದಿನಗಳ ಕಾಲ ಮತ್ತೆ ಮತ್ತೆ ಕಳುಹಿಸಲು ಪ್ರಯತ್ನಿಸಲಾಗುತ್ತದೆ. ಅವಧಿ ಮುಗಿದ ಮೇಲೆಯೇ ಕಳುಹಿಸಿದವನಿಗೆ ವಿಫಲತೆಯ ಸೂಚನೆ. ನಡುವೆ ಎಚ್ಚರಿಕೆ ಬೇಕೆಂದರೆ ಅದನ್ನು ಬೇರೆಯಾಗಿ ಹೊಂದಿಸಬೇಕು. ಗುರುವಾರ ನಾಲ್ಕನೆಯ ದಿನ. ಆದ್ದರಿಂದ ಆ ಮೌನ.

ಕಾರಣ ಹುಡುಕುತ್ತ ಹೋದಂತೆ ತಿಳಿದದ್ದು, ಯಂತ್ರವನ್ನು ಬಾಡಿಗೆಗೆ ಕೊಟ್ಟ ಸಂಸ್ಥೆ ತನ್ನ ಯಂತ್ರಗಳನ್ನು ಬೇರೊಂದು ಕೇಂದ್ರಕ್ಕೆ ಸ್ಥಳಾಂತರಿಸಿತ್ತು. ಸರ್ವರುಗಳು ಪರಸ್ಪರ ಅಂಚೆ ಕೊಡುವ ಬಾಗಿಲು 25ನೆಯ ಪೋರ್ಟ್. ಅನಪೇಕ್ಷಿತ ಅಂಚೆಯನ್ನು ತಡೆಯಲೆಂದು ಅನೇಕ ಸಂಸ್ಥೆಗಳು ಹೊರಹೋಗುವ ಆ ಬಾಗಿಲನ್ನು ಮುಚ್ಚಿರುತ್ತವೆ; ಹೊಸ ಕೇಂದ್ರದಲ್ಲಿಯೂ ಹಾಗೆಯೇ ಆಗಿತ್ತು. ಒಳಗಿನ ಪತ್ರಗಳಿಗೆ ಆ ಬಾಗಿಲು ಬೇಕಿಲ್ಲವಾದ್ದರಿಂದ ಅವು ತಲುಪಿದ್ದವು. ಕೋರಿಕೆ ಸಲ್ಲಿಸಿದ ಮೇಲೆ ಶುಕ್ರವಾರ ಮಧ್ಯಾಹ್ನ ಬಾಗಿಲು ತೆರೆಯಿತು. ಸರತಿಯಲ್ಲಿದ್ದ ಪತ್ರಗಳನ್ನು ಮತ್ತೆ ಹೊರಡಿಸಿದೆವು. ಜಿಮೇಲ್ ವಿಳಾಸದವೆಲ್ಲ ಕ್ಷಣದಲ್ಲಿ ಹಿಂದಿರುಗಿದವು!

ಈ ಸಲ ದಾಖಲೆಯಲ್ಲಿದ್ದ ಸಂಖ್ಯೆ 550. ಅಂಚೆಯ ಸಂಕೇತಗಳಲ್ಲಿ 4ರಿಂದ ಆರಂಭವಾಗುವುದು 'ಈಗ ಆಗದು, ಮತ್ತೆ ಬಾ' ಎಂದು. 5ರಿಂದ ಆರಂಭವಾಗುವುದು 'ಸ್ವೀಕರಿಸುವುದಿಲ್ಲ' ಎಂದು. ಯಾವ ಯಾವ ಯಂತ್ರಗಳು ನಮ್ಮ ಹೆಸರಿನಲ್ಲಿ ಪತ್ರ ಕಳುಹಿಸಬಹುದೆಂದು ಎಸ್‌ಪಿಎಫ್ ಎಂಬ ಬಹಿರಂಗ ದಾಖಲೆಯಲ್ಲಿ ಘೋಷಿಸಿರುತ್ತೇವೆ. ಸ್ಥಳಾಂತರದಿಂದ ಯಂತ್ರದ ವಿಳಾಸ ಬದಲಾಗಿತ್ತು. ಘೋಷಣೆಯಲ್ಲಿ ಹಳೆಯ ವಿಳಾಸವೇ ಉಳಿದಿತ್ತು. ಫೆಬ್ರವರಿ 2024ರಿಂದ ಜಿಮೇಲ್ ತನಗೆ ಪತ್ರ ಕಳುಹಿಸುವ ಎಲ್ಲರಿಂದಲೂ ಈ ಘೋಷಣೆಯನ್ನಾಗಲಿ ಡಿಕೆಐಎಂ ಎಂಬ ಅಂಕಿತವನ್ನಾಗಲಿ ಅಪೇಕ್ಷಿಸುತ್ತದೆ. ತಾಮ್ರಪಟಗಳ ಬಳೆಗೆ ರಾಜಮುದ್ರೆಯನ್ನು ಒತ್ತುತ್ತಿದ್ದುದು ಇದೇ ಕಾರಣಕ್ಕೆ. ಕೂಟಶಾಸನಗಳ ಅನುಭವವುಳ್ಳ ನಾವು ಈ ಸಂಶಯವನ್ನು ಆಕ್ಷೇಪಿಸುವಂತಿಲ್ಲ. ಘೋಷಣೆಯನ್ನು ತಿದ್ದಿ, ಅಂಕಿತವನ್ನೂ ಸೇರಿಸಿ, ವಿಳಾಸದಿಂದ ಹೆಸರನ್ನು ಹುಡುಕುವ ದಾಖಲೆಯನ್ನೂ ಸರಿಪಡಿಸಿದ ಮೇಲೆ, ಹೊಸ ಪ್ರತಿಗಳಿಗೆ ಶನಿವಾರ ಬೆಳಿಗ್ಗೆ ಉತ್ತರ ಬಂತು: 250, ಸ್ವೀಕೃತ.

ಈ 250 ಎಂಬುದರ ಅರ್ಥ ವಿಚಾರಾರ್ಹವಾಗಿದೆ. ಪತ್ರವನ್ನು ಓದಲಾಯಿತು ಎಂದು ಅದರ ಅರ್ಥವಲ್ಲ; ಇಲ್ಲಿಂದ ಮುಂದಿನ ಹೊಣೆ ನನ್ನದು ಎಂದು. ಜಾನ್ ಪೋಸ್ಟೆಲ್ 1982ರಲ್ಲಿ ಪ್ರಕಟಿಸಿದ ಅಂಚೆ ನಿಯಮಾವಳಿಯಿಂದ ಬೆಳೆದು ಬಂದ ಈ ವ್ಯವಸ್ಥೆಯಲ್ಲಿ, ಸ್ವೀಕರಿಸಿದ ಸರ್ವರ್ ಪತ್ರವನ್ನು ತಲುಪಿಸಬೇಕು, ಇಲ್ಲವೇ ತಲುಪಲಿಲ್ಲವೆಂದು ತಿಳಿಸಬೇಕು. ದಾರಿಯಲ್ಲಿ ಪ್ರತಿ ಸರ್ವರೂ ತಾನು ಪಡೆದ ವಿವರದ ಸಾಲೊಂದನ್ನು ಪತ್ರದ ತಲೆಯ ಮೇಲೆ ಬರೆಯುತ್ತದೆ. ಕೆಳಗಿನಿಂದ ಮೇಲಕ್ಕೆ ಓದಿದರೆ ಪತ್ರ ಬಂದ ದಾರಿ ತಿಳಿಯುತ್ತದೆ. ಓಲೆಗರಿಯ ಕೊನೆಯಲ್ಲಿ ಯಾರು, ಯಾರಿಗಾಗಿ, ಯಾವಾಗ ಪ್ರತಿ ಮಾಡಿದರೆಂದು ಲಿಪಿಕಾರ ಬರೆದಿಡುವುದೂ ಇಂಥದೇ ಸಾಕ್ಷ್ಯ.

ಜೈನಪರಂಪರೆ ಚತುರ್ವಿಧದಾನಗಳಲ್ಲಿ ಶಾಸ್ತ್ರದಾನವನ್ನೂ ಸೇರಿಸಿದೆ. ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ ಅತ್ತಿಮಬ್ಬೆ ಪೊನ್ನನ 'ಶಾಂತಿಪುರಾಣ'ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಕೃತಿ ಇದ್ದರೆ ಸಾಲದು, ಅದು ಓದುಗರ ಕೈಗೆ ಸೇರಬೇಕೆಂಬ ವಿವೇಕವದು. ಅವಳ ಆಶ್ರಯದಲ್ಲಿ 'ಅಜಿತಪುರಾಣ'ವನ್ನು ಬರೆದ ರನ್ನನ 'ಪರಶುರಾಮಚರಿತ' ಮಾತ್ರ ನಮಗೆ ಸಿಕ್ಕಿಲ್ಲ. 'ಕವಿರಾಜಮಾರ್ಗ' ಹೆಸರಿಸುವ ವಿಮಲ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತರ ಗದ್ಯಕೃತಿಗಳೂ ಇಲ್ಲ. ಸಿಗದುದನ್ನು ಇರಲಿಲ್ಲವೆಂದು ನಿರ್ಣಯಿಸುವ ಅವಸರ ಸಂಶೋಧಕರಲ್ಲಿ ಆಗಾಗ ಕಾಣುತ್ತದೆ. ಯಾವ ಹಂತದಲ್ಲಿ, ಯಾವ ಬಾಗಿಲಿನಲ್ಲಿ ಅದು ನಿಂತಿತು ಎಂದು ಕೇಳುವುದು ಹೆಚ್ಚು ಫಲಕಾರಿ.

ಗೋಷ್ಠಿಯ ಗಡುವನ್ನು ಒಂದು ವಾರ ಮುಂದಕ್ಕೆ ಹಾಕಿದೆವು. 38 ಮಂದಿಗೂ ದೂರವಾಣಿಯಲ್ಲಿ ತಿಳಿಸಿದೆವು. ಇಬ್ಬರು ಆಗಲೇ ಬೇರೆ ಕೆಲಸ ಒಪ್ಪಿಕೊಂಡಿದ್ದರು, ಬರಲಾಗಲಿಲ್ಲ. ನರೇಗಲ್ಲಿನ ಶಾಸನದ ಲೇಖನ ಮೊದಲ ದಿನವೇ ಮಂಡನೆಯಾಯಿತು. ಈಗ ಪತ್ರ ನಾಲ್ಕು ತಾಸು ಸರತಿಯಲ್ಲಿ ನಿಂತರೆ ಎಚ್ಚರಿಕೆ ಬರುವಂತೆ ಸರ್ವರನ್ನು ಹೊಂದಿಸಲಾಗಿದೆ.