ಮಿಂಚು ಮೊದಲು, ರಕ್ತ ಆಮೇಲೆ

ಎಂಆರ್‌ಐ ಸ್ಕ್ಯಾನರ್ ಕೋಣೆಯ ಬಾಗಿಲಲ್ಲೇ ನಿಮ್ಮನ್ನು ತಡೆದು ನಿಲ್ಲಿಸುತ್ತಾರೆ. ವಾಚು, ಬೆಲ್ಟು, ಬೀಗದ ಕೈ, ಓಲೆ ಎಲ್ಲ ಹೊರಗೇ ಇರಬೇಕು. ಒಳಗಿರುವುದು 3 ಟೆಸ್ಲಾ ಕಾಂತ, ಭೂಮಿಯ ಕಾಂತಬಲದ ಸುಮಾರು 60 ಸಾವಿರ ಪಟ್ಟು. ಅದನ್ನು ರಾತ್ರಿಯೂ ಆರಿಸುವುದಿಲ್ಲ.

ಇವತ್ತು ಸ್ಕ್ಯಾನಿಗೆ ಬಂದ ಯುವಕನಿಗೆ ಚಿಕ್ಕಂದಿನಿಂದ ಫಿಟ್ಸ್. ಮಾತ್ರೆಗೆ ಬಗ್ಗಿಲ್ಲ. ಟೆಕ್ನೀಷಿಯನ್ ಅವನ ತಲೆಗೆ, ಮಿದುಳಿನ ವಿದ್ಯುತ್ತನ್ನು ಅಳೆಯುವ ಇಇಜಿ ಟೋಪಿ ಬಿಗಿಯುತ್ತಿದ್ದಾರೆ. ಹತ್ತಿಕಡ್ಡಿಯಿಂದ ಕೂದಲು ಸರಿಸಿ, ಚರ್ಮ ಮೆಲ್ಲಗೆ ಉಜ್ಜಿ, ಒಂದೊಂದು ಎಲೆಕ್ಟ್ರೋಡಿಗೂ ಸಿರಿಂಜಿನಿಂದ ಜೆಲ್ ತುಂಬುತ್ತಾರೆ. ತಂತಿ ಎಲ್ಲೂ ಸುರುಳಿ ಸುತ್ತಿಕೊಳ್ಳಬಾರದು. ಸುತ್ತಿಕೊಂಡರೆ ಅದರಲ್ಲಿ ವಿದ್ಯುತ್ ಹುಟ್ಟಿ ಚರ್ಮ ಸುಟ್ಟೀತು. ಎದೆಬಡಿತ ಹಿಡಿಯಲು ಬೆನ್ನಿಗೂ ಒಂದು ಎಲೆಕ್ಟ್ರೋಡ್.

“ಅಲ್ಲಾಡಬೇಡಿ. ನಿದ್ದೆ ಬಂದ್ರೆ ಮಾಡಿ, ಒಳ್ಳೇದೇ.”

“ಆಯ್ತು ಮೇಡಂ.”

ನೀವೀಗ ಗಾಜಿನ ಈಚೆ ಕೂತಿದ್ದೀರಿ. ಪರದೆಯ ಮೇಲೆ ಸಣ್ಣ ಸಣ್ಣ ಅಲೆಗಳು. ಅಷ್ಟರಲ್ಲಿ ಸ್ಕ್ಯಾನರ್ ಬಡಿಯತೊಡಗುತ್ತದೆ, ಅಲೆಗಳೆಲ್ಲ ದಪ್ಪ ಕಪ್ಪು ಪಟ್ಟಿಯಲ್ಲಿ ಮುಳುಗುತ್ತವೆ. ಮಿದುಳಿನ ಸಂಕೇತ ಇರುವುದು ಮೈಕ್ರೋವೋಲ್ಟುಗಳಲ್ಲಿ. ಯಂತ್ರದ ಗದ್ದಲ ಅದರ ನೂರು ಪಟ್ಟಿಗೂ ಹೆಚ್ಚು. 1993ರಲ್ಲಿ ಬಾಸ್ಟನ್‌ನ ವೈದ್ಯರು ಸ್ಕ್ಯಾನರ್ ಒಳಗೆ ಇಇಜಿ ತೆಗೆದರು. ಆ ಮೊದಮೊದಲ ವರ್ಷಗಳಲ್ಲಿ ಯಂತ್ರ ಸುಮ್ಮನಿದ್ದಾಗ ಕಣ್ಣಿಟ್ಟು ಕೂತು, ಮೂರ್ಛೆರೋಗದ ಗುರುತಾದ ಚೂಪು ಅಲೆ ಕಂಡ ಕೂಡಲೇ ಚಿತ್ರ ತೆಗೆಯುತ್ತಿದ್ದರು. 2000ದಲ್ಲಿ ಲಂಡನ್ನಿನ ಫಿಲಿಪ್ ಅಲೆನ್, ಆಲಿವರ್ ಜೋಸೆಫ್ಸ್, ರಾಬರ್ಟ್ ಟರ್ನರ್ ಪ್ರಕಟಿಸಿದ ಉಪಾಯ ನನ್ನ ಪಾಲಿಗೆ ಈ ಕ್ಷೇತ್ರದ ಅತಿ ಚೆಂದದ ಕೆಲಸ: ಯಂತ್ರದ ಗದ್ದಲ ಪ್ರತಿ ಚಿತ್ರಕ್ಕೂ ಒಂದೇ ಥರ ಮರುಕಳಿಸುತ್ತದೆ, ಮಿದುಳಿನ ಅಲೆ ಹಾಗಲ್ಲ. ಗದ್ದಲದ ಸರಾಸರಿ ತೆಗೆದು ಕಳೆದರಾಯಿತು. ಹೃದಯ ಬಡಿದಾಗಲೆಲ್ಲ ತಲೆ ಕೂದಲೆಳೆಯಷ್ಟು ಅಲುಗಿ ಹುಟ್ಟುವ ಏರಿಳಿತವನ್ನೂ ಹೆಚ್ಚುಕಡಿಮೆ ಹೀಗೇ ತೆಗೆಯುತ್ತಾರೆ.

ನೋಡಿ, ಪಟ್ಟಿ ಕರಗಿತು. ಅಲೆಗಳು ಮರಳಿದವು.

ಎಡಗಿವಿಯ ಮೇಲಿನ ಗೆರೆಯಲ್ಲಿ ಥಟ್ಟನೆ ಒಂದು ಚೂಪು ಮೊನೆ. ಸೆಕೆಂಡಿನ ಹತ್ತನೇ ಒಂದು ಭಾಗವೂ ಇಲ್ಲ. ಮಲಗಿರುವವನಿಗೆ ಗೊತ್ತೇ ಆಗಿಲ್ಲ. ಯಾವಾಗ ಎಂಬುದನ್ನು ಇಇಜಿ ಕರಾರುವಾಕ್ಕಾಗಿ ಹೇಳಿತು. ಎಲ್ಲಿ ಎಂದರೆ ತಡವರಿಸುತ್ತದೆ, ತಲೆಬುರುಡೆ ದಾಟುವಷ್ಟರಲ್ಲಿ ವಿದ್ಯುತ್ತು ಹರಡಿಹೋಗಿರುತ್ತದೆ. ಅದಕ್ಕೇ ರಕ್ತ ಬೇಕು. ತೂಬು ಎತ್ತಿದ ಮೇಲೂ ಕೊನೆಯ ಗದ್ದೆಗೆ ನೀರು ಮುಟ್ಟಲು ಹೊತ್ತು ಹಿಡಿಯುವಂತೆ, ನರಕೋಶ ಮಿಡಿದ ಸುಮಾರು ಐದಾರು ಸೆಕೆಂಡಿನ ಮೇಲೆ ಅಲ್ಲಿ ರಕ್ತದ ಹರಿವು ಉಕ್ಕೇರುತ್ತದೆ. ಎಂಆರ್‌ಐ ಹಿಡಿಯುವುದು ಇದರಿಂದಾಗುವ ಆಮ್ಲಜನಕದ ಬದಲಾವಣೆಯನ್ನು. ಇದನ್ನು 1990ರಲ್ಲಿ ತೋರಿಸಿಕೊಟ್ಟವರು ಸೀಜಿ ಒಗಾವಾ.

ಪ್ರತಿ ಮೊನೆಯ ಬೆನ್ನಿಗೂ ಇಂಥ ಉಕ್ಕು ಎಲ್ಲೆಲ್ಲಿ ಕಂಡಿತೆಂದು ಕಂಪ್ಯೂಟರ್ ಮಿದುಳಿನ ಕೆಲವೇ ಮಿಲಿಮೀಟರಿನ ಒಂದೊಂದು ತುಣುಕನ್ನೂ ಪರೀಕ್ಷಿಸುತ್ತದೆ. ಎಡಗಿವಿಯ ಬಳಿಯ ಟೆಂಪೊರಲ್ ಭಾಗದಲ್ಲಿ ಕಿತ್ತಳೆ ಚುಕ್ಕೆ ಮೂಡುತ್ತದೆ. ಹಿಂದೆಲ್ಲೋ ಇನ್ನೊಂದು, ಮಸುಕಾಗಿ.

ಆ ಚುಕ್ಕೆಯನ್ನು ಶಸ್ತ್ರಚಿಕಿತ್ಸೆಯಲ್ಲಿ ಚಾಕು ಆಡಿಸುವ ಗೆರೆ ಎಂದುಕೊಳ್ಳಬೇಡಿ. ರೋಗದ ಜಾಲ ಬೇರೆಡೆಗೂ ಹಬ್ಬಿರಬಹುದು. ಸ್ಕ್ಯಾನ್ ನಡೆಯುವಾಗ ಒಂದೂ ಮೊನೆ ಬಾರದೆ ಕೈಚೆಲ್ಲುವ ದಿನಗಳೂ ಇವೆ. ವಿಡಿಯೊ ಇಇಜಿ, ಮಾಮೂಲಿ ಎಂಆರ್‌ಐ, ರೋಗಿಯ ಚರಿತ್ರೆ ಎಲ್ಲ ಒಂದೇ ಕಡೆ ಬೆರಳು ತೋರಿಸಿದಾಗಲೇ ಆ ಚುಕ್ಕೆಗೆ ಬೆಲೆ.

ಮೂರ್ಛೆರೋಗಿಗಳಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಔಷಧ ಹತ್ತುವುದಿಲ್ಲ. ಸರಿಯಾಗಿ ಆರಿಸಿದ ಎರಡು ಔಷಧಗಳನ್ನು ತಪ್ಪದೆ ತೆಗೆದುಕೊಂಡರೂ ಫಿಟ್ಸ್ ನಿಲ್ಲದವರು ನಿಮ್ಮ ಮನೆಯಲ್ಲಿದ್ದರೆ, ಮೂರನೆಯ ಮಾತ್ರೆಗೆಂದು ವರ್ಷಗಟ್ಟಲೆ ಕಾಯಬೇಡಿ. ನಿಮ್ಹಾನ್ಸ್‌ನಂಥ, ಮೂರ್ಛೆರೋಗಕ್ಕೆ ಶಸ್ತ್ರಚಿಕಿತ್ಸೆ ಮಾಡುವ ಕೇಂದ್ರದಲ್ಲಿ ಒಮ್ಮೆ ತೋರಿಸಿ.